ಆತುರವಿಲ್ಲದ ಕೈ

ಆನೆಕೊಂಡ, ದಾವಣಗೆರೆ
9 ಡಿಸೆಂಬರ್ 2024

ನನ್ನ ಪ್ರೀತಿಯ, ಬಹಳ ಬಹಳ ಪ್ರೀತಿಯ ಅಬ್ಬಾ,

ಸಲಾಂ. ಮೊದಲೇ ಹೇಳಿಬಿಡುತ್ತೇನೆ, ನಗಬಾರದು. ಕಾನ್ವೆಂಟಿನಲ್ಲಿ ಕನ್ನಡ ಮಾತಾಡಿದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ಈಗ ಮದುವೆಯಾದ ಮೇಲೆ ನೀವು ನನ್ನನ್ನು ಕನ್ನಡದಲ್ಲಿ ಕಾಗದ ಬರೆಯಲು ಕೂರಿಸಿದ್ದೀರಿ! ಏನು ಮಾಡಲಿ? ಇಷ್ಟು ವರ್ಷ ಐಸ್ ಫ್ಯಾಕ್ಟರಿಯ ಕಂಪ್ರೆಸರ್ ಪಕ್ಕದಲ್ಲಿ ನಿಂತು ನಿಮ್ಮ ಕಿವಿ ಹೋಗಿದೆ. ಫೋನಿನಲ್ಲಿ ನಾನು ಎಷ್ಟು ಕಿರುಚಿದರೂ ನೀವು "ಹಾಂ ಬೇಟಿ, ಊಟ ಆತು" ಎನ್ನುತ್ತೀರಿ. ವಾಟ್ಸಾಪ್ ಮಾಡೋಣವೆಂದರೆ ನಿಮ್ಮ ಬೆರಳು ಸದಾ ಒದ್ದೆ, ಫೋನಿಗೆ ನಿಮ್ಮ ಗುರುತೇ ಸಿಗುವುದಿಲ್ಲ. ಹರಿಹರಕ್ಕೂ ದಾವಣಗೆರೆಗೂ ಬಸ್ಸಿನಲ್ಲಿ ಒಂದು ನಿದ್ದೆಯಷ್ಟೂ ದೂರವಿಲ್ಲ, ಆದರೂ ನಮ್ಮಿಬ್ಬರ ನಡುವೆ ಅಂಚೆಯವನು!

ಅಬ್ಬಾ, ನಾನು ತುಂಬಾ ತುಂಬಾ ಸಂತೋಷವಾಗಿದ್ದೇನೆ. ಗಂಡನನ್ನು "ಇವರು" ಎಂದು ಬರೆಯಬೇಕು ಅಂತ ಅಮ್ಮಿ ಹೇಳಿಕೊಟ್ಟಿದ್ದಾರೆ. ಬರೆಯಲು ಹೋದರೆ ನನಗೇ ನಗು ಬರುತ್ತದೆ, ಆದ್ದರಿಂದ ನೌಮಾನ್ ಎಂದೇ ಬರೆಯುತ್ತೇನೆ. ಭಾನುವಾರ ಬೆಣ್ಣೆದೋಸೆ ತಿನ್ನಲು ಹೋದರೆ ನೌಮಾನ್ ತಮ್ಮ ದೋಸೆಯ ಬೆಣ್ಣೆಯನ್ನೆಲ್ಲ ನನ್ನ ತಟ್ಟೆಗೆ ಸರಿಸುತ್ತಾರೆ. "ದಿನಾ ಜನರ ಎದೆ ಒಳಗೆ ನೋಡ್ತೀನಲ್ಲ, ನನಗಿದು ಇಳಿಯೋದಿಲ್ಲ" ಅನ್ನುತ್ತಾರೆ. ಇದು ಪ್ರೀತಿಯೋ ಕೊಲೆಯ ಸಂಚೋ ಎಂದು ಕೇಳಿದೆ. ಇಡೀ ಹೋಟೆಲು ತಿರುಗಿ ನೋಡುವಂತೆ ನಕ್ಕರು.

ನಿಮ್ಮ ಅಳಿಯನ ಕೆಲಸ ಏನು ಅಂತ ಯಾರಾದರೂ ಕೇಳಿದರೆ "ಆಸ್ಪತ್ರೆಯಲ್ಲಿ ಮೆಷಿನ್ ನೋಡ್ಕಂತಾರೆ" ಎನ್ನುತ್ತೀರಲ್ಲ, ಈಗ ಸರಿಯಾಗಿ ಕೇಳಿಸಿಕೊಳ್ಳಿ. ಬೈಪಾಸ್ ಆಪರೇಷನ್ ಮಾಡುವಾಗ ಕುಣಿಯುತ್ತಿರುವ ಹೃದಯದ ಮೇಲೆ ಕೂದಲಿನಂಥ ದಾರದಲ್ಲಿ ಹೊಲಿಗೆ ಹಾಕುವುದು ಕಷ್ಟ. ಅದಕ್ಕೆ ನೌಮಾನ್ ರೋಗಿಯ ಮೈಯ ರಕ್ತವನ್ನೆಲ್ಲ ತಮ್ಮ ಮೆಷಿನ್ನಿಗೆ ತಿರುಗಿಸಿಕೊಂಡು, ಅಲ್ಲಿಂದಲೇ ಮೈಗೆ ಕಳಿಸುತ್ತಿರುತ್ತಾರೆ. ಆಮೇಲೆ ಸರ್ಜನ್ ಹೂಂ ಎಂದ ಕೂಡಲೇ ಹೃದಯದೊಳಕ್ಕೆ ಮಂಜಿನಂತೆ ತಣ್ಣಗಿರುವ ಪೊಟ್ಯಾಸಿಯಂ ನೀರು ಬಿಡುತ್ತಾರೆ. ಹೃದಯ ನಿಂತುಬಿಡುತ್ತದೆ! ನನ್ನ ಗಂಡ ಹೃದಯ ನಿಲ್ಲಿಸುತ್ತಾರೆ, ಅಬ್ಬಾ! ತಣ್ಣಗೆ ಮಲಗಿದ ಹೃದಯಕ್ಕೆ ಹಸಿವು ಕಡಿಮೆ, ಅದಕ್ಕೇ ರಕ್ತ ಸಿಗದಿದ್ದರೂ ಅದರ ಮಾಂಸ ಕೆಡುವುದಿಲ್ಲವಂತೆ. ನಿಮ್ಮ ಐಸಿನಲ್ಲಿ ಹೊಳೆಮೀನು ಇಡುವ ಹಾಗೆಯೇ! ನಾನು ಐಸಿನವರ ಮನೆಯಲ್ಲಿ ಹುಟ್ಟಿ ಐಸಿನವರ ಮನೆಗೇ ಸೇರಿದೆ.

ಅವರ ಜೊತೆ ಸುಮಾ ಮೇಡಂ ಅಂತ ಇದ್ದಾರೆ, ಅವರದೂ ಅದೇ ಕೆಲಸ. ಮಾತು ಕಡಿಮೆ. ಒಂದು ಲೋಟ ಚಹಾ ಕುಡಿಯಲು ಒಂದು ಯುಗ. ನಾನು ನಾಲ್ಕು ಮಾತಾಡಿ ಮುಗಿಸುವಷ್ಟರಲ್ಲಿ ಅವರು ಒಮ್ಮೆ ತಲೆಯಾಡಿಸುತ್ತಾರೆ.

ಹೋದ ವಾರ ಒಂದು ದಿನ ನೌಮಾನ್ ಊಟದ ಕ್ಯಾರಿಯರ್ ತುಂಬಿದ್ದು ತುಂಬಿದಂತೆಯೇ ವಾಪಸ್ ಬಂತು. ನನ್ನ ಬದನೆಕಾಯಿ ಪಲ್ಯದ ಮೇಲಿನ ಮೊದಲ ಮುನಿಸು! ಅಮ್ಮಿಯಿಂದ ಸರಿಯಾದ ಮಸಾಲೆ ಕೇಳಿ ಬರೆಯಿರಿ. ಮದುವೆ ದಿನ ಶರಬತ್ತಿಗೆ ನೀವೇ ತೆಗೆದ ಐಸ್ ಮೂರು ಚೂರಾಗಿ ಬಂದದ್ದನ್ನು ನೆನೆಸಿಕೊಂಡು ಇಲ್ಲಿ ಎಲ್ಲರೂ ಇನ್ನೂ ನಗುತ್ತಿದ್ದಾರೆ.

ನಿಮ್ಮ, ಬರೇ ನಿಮ್ಮ (ಈಗ ಸ್ವಲ್ಪ ನೌಮಾನರ ಕೂಡ),
ನುಜತ್


ಹರಿಹರ
20 ಡಿಸೆಂಬರ್ 2024

ನುಜತ್ ಬೇಟಿ,

ಕಾಗದ ಬಂತು. ಕನ್ನಡ ಪರವಾಗಿಲ್ಲ. ನಿನ್ನ ಅಮ್ಮಿಗೆ ಓದಿ ಹೇಳಿದೆ. ಫ್ಯಾಕ್ಟರಿಗೂ ಒಯ್ದು ಓದಿದೆ. ಅಂಜಿನಪ್ಪ ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದ: "ಸಾಬ್ರೆ, ನಮ್ ಕಂಪ್ರೆಸರ್ ಒಂದ್ಸಲ ನಿಂತ್ರೆ ಚಾಲೂ ಮಾಡಾಕೆ ಅರ್ಧ ದಿನ ಬೇಕು. ನಿಮ್ ಅಳಿಯ ಎದಿ ನಿಲ್ಲಿಸಿ ಚಾಲೂ ಮಾಡ್ತಾರಾ? ಅವ್ರನ್ನ ಇಲ್ಲಿಗೇ ಕರ್ಕಂಬರ್ರಿ!" ಎಲ್ಲರೂ ನಕ್ಕರು. ನಾನೂ ನಕ್ಕೆ.

ಅಳಿಯಂದಿರನ್ನು ಎರಡು ಮಾತು ಕೇಳು. ಐಸ್ ಯಾವ ಫ್ಯಾಕ್ಟರಿಯದು? ನಡುವೆ ಕರೆಂಟ್ ಹೋದರೆ ಏನು ಮಾಡುತ್ತಾರೆ?

ಮದುವೆಯ ಐಸ್ ಒಡೆದದ್ದಕ್ಕೆ ನಗಬೇಡ. ಯಾಕೆ ಒಡೆಯಿತು ಎಂದು ನನಗೆ ಗೊತ್ತು.

ಬದನೆಕಾಯಿಗೆ ಹುರಿದ ಶೇಂಗಾ ಪುಡಿ ಕಡಿಮೆ ಆಗಿರಬೇಕು ಎನ್ನುತ್ತಾಳೆ ಅಮ್ಮಿ. ಈಚೆಗೆ ಫ್ಯಾಕ್ಟರಿಯ ಐಸ್ ಟ್ಯಾಂಕಿನ ಮೆಟ್ಟಿಲು ಹತ್ತುವಾಗ ನಡುವೆ ಒಮ್ಮೆ ನಿಲ್ಲುತ್ತೇನೆ. ಚಳಿಗಾಲ, ಅಷ್ಟೆ. ಅಮ್ಮಿಗೆ ಹೇಳಬೇಡ.

ದುವಾದೊಂದಿಗೆ,
ಮಸ್ತಾನಸಾಬ್


ಆನೆಕೊಂಡ, ದಾವಣಗೆರೆ
10 ಫೆಬ್ರವರಿ 2025

ಅಬ್ಬಾ,

ನಿನ್ನೆ ನಾನು ಆಸ್ಪತ್ರೆಯ ಔಷಧಿ ಅಂಗಡಿಯಿಂದ ವಾಪಸ್ ಬರುವಷ್ಟರಲ್ಲಿ ನೀವು ಚಪ್ಪಲಿ ಮೆಟ್ಟಿ, ಅಮ್ಮಿಯನ್ನು ಎಬ್ಬಿಸಿಕೊಂಡು ಹರಿಹರದ ಬಸ್ಸು ಹತ್ತಿಬಿಟ್ಟಿದ್ದಿರಿ. ಟ್ಯಾಂಕಿನ ಮೆಟ್ಟಿಲ ಮೇಲೆ ಎದೆ ಹಿಡಿದು ಕುಸಿದು ಬಿದ್ದವರು ನೀವು. ಆಂಜಿಯೋಗ್ರಾಮಿನಲ್ಲಿ ಮೂರು ರಕ್ತನಾಳಗಳು ಕಟ್ಟಿವೆ ಎಂದು ಡಾಕ್ಟರು ಬೆರಳಿಟ್ಟು ತೋರಿಸಿದ್ದಾರೆ. ಬೈಪಾಸ್ ಆಗಲೇಬೇಕು, ತಡ ಮಾಡಬೇಡಿ ಎಂದಿದ್ದಾರೆ. ನೀವು "ಬ್ಯಾಡ" ಎಂದಿರಿ. ಒಂದೇ ಮಾತು.

ಕಾರಣವನ್ನು ಅಮ್ಮಿ ಫೋನಿನಲ್ಲಿ ಹೇಳಿದರು. "ನಿಂತ ಎದಿ ಅಂದ್ರೆ ಸತ್ತ ಎದಿ, ಮಾಸೂಮಾ. ಮಗಳೇ ಬರ್ದಾಳಲ್ಲ, ನನ್ನನ್ನ ಐಸಿನಾಗಿನ ಮೀನು ಮಾಡ್ತಾರಂತ" ಎಂದು ಅವರಿಗೆ ಅಂದಿರಂತೆ.

ಅಬ್ಬಾ, ಆ ಮೀನನ್ನು ನಾನು ಯಾಕಾದರೂ ಬರೆದೆನೋ! ಅದೊಂದು ಹುಚ್ಚು ಹೋಲಿಕೆ. ಮೀನು ಸತ್ತ ಮೇಲೆ ಐಸಿಗೆ ಹೋಗುತ್ತದೆ. ಹೃದಯ ಬದುಕಲೆಂದೇ ಹೋಗುತ್ತದೆ. ನೌಮಾನ್ ನನಗೆ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. ರಕ್ತವಿಲ್ಲದೆಯೂ ಬಡಿಯುತ್ತಲೇ ಇರುವ ಹೃದಯ ತನ್ನನ್ನೇ ತಾನು ತಿಂದುಕೊಳ್ಳುತ್ತದೆ. ಹೊಟ್ಟೆಗಿಲ್ಲದೆ ದುಡಿಯುವ ಎತ್ತಿನ ಹಾಗೆ. ಅದನ್ನು ನಿಲ್ಲಿಸಿ ತಂಪು ಮಾಡಿದರೆ ಅದರ ಶಕ್ತಿ ಅದರಲ್ಲೇ ಉಳಿಯುತ್ತದೆ. ಸ್ವಲ್ಪ ಹೊತ್ತಿಗೊಮ್ಮೆ ಮತ್ತೆ ತಂಪು ಬಿಡುತ್ತಾರೆ, ಒಂದೇ ಸಲ ಬಿಟ್ಟು ಮರೆಯುವುದಿಲ್ಲ. ನೀವು ಡಿಸೆಂಬರಿನಲ್ಲಿ ಕೇಳಿದ್ದಕ್ಕೂ ಉತ್ತರ ಇದೆ. ಐಸ್ ಆಸ್ಪತ್ರೆಯದೇ, ಅದಕ್ಕೊಂದು ಪುಟ್ಟ ಯಂತ್ರವಿದೆ. ಕರೆಂಟ್ ಹೋದರೆ ಜನರೇಟರ್ ಇದೆ, ಅದೂ ಕೈಕೊಟ್ಟರೆ ನೌಮಾನರ ಮೆಷಿನ್ನಿಗೆ ಕೈಯಲ್ಲೇ ತಿರುಗಿಸುವ ಹಿಡಿಕೆ ಇದೆ.

ಇನ್ನು ಕೇಳಿ. ನಿಮ್ಮ ಆಪರೇಷನ್ ದಿನ ಆ ಮೆಷಿನ್ನಿನ ಮುಂದೆ ಬೇರೆ ಯಾರೂ ಇರುವುದಿಲ್ಲ. ನೌಮಾನ್ ಅವರೇ ಇರುತ್ತಾರೆ. ನಿಮ್ಮ ಹೃದಯವನ್ನು ಮಲಗಿಸುವವರೂ ಅವರೇ, ಎಬ್ಬಿಸುವವರೂ ಅವರೇ. ಇದು ನಾನು ಕೊಡುತ್ತಿರುವ ಮಾತು! ಅವರನ್ನು ಇನ್ನೂ ಕೇಳಿಲ್ಲ. ಕೇಳುವುದೇನಿದೆ? ನನ್ನ ಮಾತಿಗೆ ಅವರು ಇಲ್ಲವೆಂದಿದ್ದು ಬದನೆಕಾಯಿಯ ವಿಷಯದಲ್ಲಿ ಮಾತ್ರ.

ರಂಜಾನ್‌ಗೆ ಮುಂಚೆ ಮುಗಿಸಿಬಿಡೋಣ. ಬನ್ನಿ, ಅಬ್ಬಾ. ದಯವಿಟ್ಟು ಬನ್ನಿ.

ನುಜತ್


ಹರಿಹರ
15 ಫೆಬ್ರವರಿ 2025

ಬೇಟಿ,

ಅಮ್ಮಿ ಮೂರು ದಿನದಿಂದ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಕಿವುಡನ ಜೊತೆ ಮಾತು ಬಿಡುವುದು ಹೇಗೆ ಎಂದು ಅವಳಿಂದ ಕಲಿಯಬೇಕು. ರೊಟ್ಟಿಯ ತಟ್ಟೆಯನ್ನು ಬಲವಾಗಿ ಕುಕ್ಕುತ್ತಾಳೆ. ಅದು ಮಾತ್ರ ಕೇಳುತ್ತದೆ.

ನಿನ್ನ ಕಾಗದವನ್ನು ಮಸೀದಿಯ ಕಟ್ಟೆಯ ಮೇಲೆ ಕೂತು ಮತ್ತೆ ಓದಿದೆ. ಸಾವಿಗೆ ನಾನು ಹೆದರಿಲ್ಲ. ಗುರುತಿಲ್ಲದವರ ಕೈಯಲ್ಲಿ ನಿಲ್ಲುವುದಕ್ಕೆ ಹೆದರಿದ್ದೇನೆ. ನೌಮಾನ್ ಮಿಯಾ ಮುಂದೆ ಇರುವುದಾದರೆ ಬರುತ್ತೇನೆ. ಬೇರೆಯವರಾದರೆ ಬರುವುದಿಲ್ಲ. ಇದನ್ನು ಅವರಿಗೆ ಹೇಳು.

ಇನ್ನೊಂದು ಅನುಮಾನ. ನಮ್ಮಲ್ಲಿ ನೀರಿನ ಡಬ್ಬವನ್ನು ಉಪ್ಪುನೀರಿನ ಟ್ಯಾಂಕಿನಲ್ಲಿ ಇಳಿಬಿಟ್ಟಾಗ ಅಂಚು ಮೊದಲು ಹೆಪ್ಪುಗಟ್ಟುತ್ತದೆ. ನಡುಭಾಗ ಕೊನೆಗೆ. ಆತುರಪಟ್ಟು ತೆಗೆದರೆ ಹೊರಗೆ ಕಲ್ಲು, ಒಳಗೆ ನೀರು. ನನ್ನ ಹೃದಯದ ಕೊಳವೆಗಳೇ ಕಟ್ಟಿವೆ ಎನ್ನುತ್ತಾರೆ ಡಾಕ್ಟರು. ಕಟ್ಟಿದ ಕೊಳವೆಯಲ್ಲಿ ರಕ್ತವೇ ಹೋಗದಿದ್ದರೆ ಆ ತಣ್ಣನೆಯ ನೀರು ಹೇಗೆ ಹೋಗುತ್ತದೆ? ಆಚೆ ಕಡೆಯ ಮಾಂಸಕ್ಕೆ ತಂಪು ಮುಟ್ಟದಿದ್ದರೆ ಅದು ಕೆಡುವುದಿಲ್ಲವೇ? ಮಿಯಾರನ್ನು ಕೇಳಿ ಬರೆ.

ಮಸ್ತಾನಸಾಬ್


(ಊಟದ ಕ್ಯಾರಿಯರಿನ ಮೇಲಿನ ಡಬ್ಬಿಯಲ್ಲಿ)
19 ಫೆಬ್ರವರಿ 2025

ನೌಮಾನ್,

ಎರಡು ದಿನದಿಂದ ಈ ಮನೆಯಲ್ಲಿ ಮಿಕ್ಸಿ ಮಾತ್ರ ಮಾತಾಡುತ್ತಿದೆ. ಎದುರು ಕೂತು ಹೇಳಲು ಹೋದರೆ ನಾನು ಅಳುತ್ತೇನೆ, ನೀವು ಎದ್ದು ಹೋಗುತ್ತೀರಿ. ಅದಕ್ಕೆ ಚಪಾತಿಯ ಮೇಲೆ ಈ ಚೀಟಿ.

"ನನ್ನನ್ನ ಒಂದು ಮಾತು ಕೇಳದೆ ನನ್ನ ಕೈಯನ್ನ ಹೆಂಗೆ ಬರೆದುಕೊಟ್ಟೆ?" ಎಂದಿರಿ. ನೀವು ಎಲ್ಲವನ್ನೂ ಮಾಡಬಲ್ಲಿರಿ ಎಂದುಕೊಂಡಿದ್ದೆ. ಹೊಸ ಹೆಂಡತಿಯರು ಹಾಗೇ ಅಂದುಕೊಳ್ಳುತ್ತಾರೇನೋ.

ನಿಮ್ಮ ರೋಗಿ, ಮಲೆಬೆನ್ನೂರಿನ ರಾಮಚಂದ್ರಪ್ಪನವರ ವಿಷಯ ನೀವು ಯಾಕೆ ನನಗೆ ಹೇಳಿರಲಿಲ್ಲ? "ಎಲ್ಲಾ ಸರಿಯಾಗೇ ಮಾಡಿದ್ವಿ ನುಜತ್, ತಂಪು ಸರಿಯಾಗೇ ಹೋಗಿತ್ತು, ಹೊಲಿಗೆ ಚೆನ್ನಾಗಿತ್ತು. ಆದರೂ ಹೃದಯ ಏಳಲಿಲ್ಲ. ಯಾಕೆ ಅಂತ ಇವತ್ತಿಗೂ ಯಾರಿಗೂ ಗೊತ್ತಿಲ್ಲ" ಎಂದು ಮೊನ್ನೆ ಗೋಡೆ ನೋಡುತ್ತಾ ಹೇಳಿದಿರಲ್ಲ, ಆ ದಿನ ಯಾವುದು ಎಂದು ನನಗೆ ಆಗಲೇ ಹೊಳೆಯಿತು. ಕ್ಯಾರಿಯರ್ ತುಂಬಿದಂತೆಯೇ ವಾಪಸ್ ಬಂದ ದಿನ. ನಾನು ಬದನೆಕಾಯಿಯ ತಮಾಷೆ ಮಾಡಿ ಅಬ್ಬಾಗೆ ಕಾಗದ ಬರೆದೆ. ನೀವು ಪಕ್ಕದಲ್ಲೇ ಕೂತು ನನ್ನ ಜೊತೆ ನಕ್ಕಿರಿ.

ಅಬ್ಬಾನ ಪ್ರಶ್ನೆ ಓದಿದಾಗ ಒಂದು ಕ್ಷಣ ನಿಮ್ಮ ಮುಖ ಮೊದಲಿನಂತಾಯಿತು. "ಇದೇ ಪ್ರಶ್ನೆಯನ್ನ ನಮಗೆ ಪರೀಕ್ಷೆಯಲ್ಲಿ ಕೇಳ್ತಾರೆ" ಎಂದಿರಿ. ಪೇಪರಿನ ಅಂಚಿನಲ್ಲಿ ಹೃದಯ ಬರೆದು ತೋರಿಸಿದಿರಿ. ಆಮೇಲೆ ಪೆನ್ನು ಕೆಳಗಿಟ್ಟು, "ಅವರ ಹೃದಯ ಬೇಡ. ಯಾರದ್ದಾದರೂ ಸರಿ, ಅವರದ್ದು ಬೇಡ" ಎಂದಿರಿ.

ನಾನು ಯೋಚಿಸಿದ್ದು ಇಷ್ಟೇ. ಸುಮಾ ಮೇಡಂ ಅವರೇ ಇರಲಿ. ಅಬ್ಬಾಗೆ ಹೇಳುವುದು ಬೇಡ. ಅವರಿಗೆ ಕಿವಿ ಕೇಳುವುದಿಲ್ಲ, ಒಳಗೆ ಎಲ್ಲರೂ ಮಾಸ್ಕ್ ಹಾಕಿರುತ್ತೀರಿ, ಮಲಗಿದ ಮೇಲೆ ಅವರಿಗೆ ಯಾರು ಎಂದು ಹೇಗೆ ತಿಳಿಯುತ್ತದೆ? ಹೇಳಿದರೆ ಬರುವುದಿಲ್ಲ. ಬರದಿದ್ದರೆ ಏನಾಗುತ್ತದೆ ಎಂದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹುಟ್ಟಿದಾಗಿನಿಂದ ನಾನು ಅವರಿಗೆ ಸುಳ್ಳು ಹೇಳಿಲ್ಲ. ಹೇಳಿದರೂ ಮುಖದಲ್ಲಿ ಗೊತ್ತಾಗಿಬಿಡುತ್ತಿತ್ತು. ಕಾಗದಕ್ಕೆ ಮುಖವಿಲ್ಲವಲ್ಲ.

ಉತ್ತರ ಬರೆಯಬೇಡಿ. ಕ್ಯಾರಿಯರ್ ಖಾಲಿಯಾಗಿ ಬಂದರೆ ಸಾಕು.

ನಿಮ್ಮ ನುಜತ್


ಆನೆಕೊಂಡ, ದಾವಣಗೆರೆ
20 ಫೆಬ್ರವರಿ 2025

ಪ್ರೀತಿಯ ಅಬ್ಬಾ,

ಸೋಮವಾರ ಬಂದು ಅಡ್ಮಿಟ್ ಆಗಬೇಕು. ಮಂಗಳವಾರ ಆಪರೇಷನ್. ಉಗುರು ಕತ್ತರಿಸಿಕೊಂಡು ಬನ್ನಿ.

ನಿಮ್ಮ ಅನುಮಾನಕ್ಕೆ ನೌಮಾನ್ ಉತ್ತರ ಹೇಳಿದ್ದಾರೆ. ಮುಂದಿನ ಬಾಗಿಲು ಕಟ್ಟಿದ್ದರೆ ಹಿತ್ತಲ ಬಾಗಿಲಿಂದ ಹೋಗುತ್ತಾರೆ. ಹೃದಯದ ಮಾಂಸದಿಂದ ರಕ್ತ ವಾಪಸ್ ಬರುವ ಒಂದು ದೊಡ್ಡ ಸಿರೆ ಹಿಂಭಾಗದಲ್ಲಿದೆ. ಅಲ್ಲಿಂದ ತಣ್ಣನೆಯದನ್ನು ಹಿಮ್ಮುಖವಾಗಿ ಬಿಟ್ಟರೆ ಕಟ್ಟಿದ ಜಾಗದ ಆಚೆಗೂ ಮುಟ್ಟುತ್ತದೆ. ಕೊನೆಗೆ ಬೆಚ್ಚಗಿನ ರಕ್ತವನ್ನು ನಿಧಾನವಾಗಿ ಬಿಟ್ಟು ಎಬ್ಬಿಸುತ್ತಾರೆ.

ನೌಮಾನ್ ಇರುತ್ತಾರೆ. ಎಲ್ಲ ಮಾತಾಗಿದೆ. ನೀವು ಯೋಚಿಸಬೇಡಿ.

ನುಜತ್


ಹರಿಹರ
23 ಫೆಬ್ರವರಿ 2025

ನೌಮಾನ್ ಮಿಯಾ ಅವರಿಗೆ,

ಇದನ್ನು ನಾಳೆ ಆಸ್ಪತ್ರೆಯಲ್ಲಿ ನಿಮ್ಮ ಕೈಗೇ ಕೊಡುತ್ತೇನೆ. ನಿಮಗೆ ನಾನು ಬರೆಯುತ್ತಿರುವುದು ಮೊದಲ ಸಲ. ತಪ್ಪಿದ್ದರೆ ಮಾಫ್ ಮಾಡಿ.

ಶುಕ್ರವಾರ ನಮಾಜ್ ಮುಗಿದ ಮೇಲೆ ನೀವು ಹೇಳದೆ ಕೇಳದೆ ಫ್ಯಾಕ್ಟರಿಗೆ ಬಂದಿರಿ. ನುಜತ್‌ಗೆ ಹೇಳಿ ಬಂದಿರಲಿಲ್ಲ ಎಂದುಕೊಳ್ಳುತ್ತೇನೆ. ಟ್ಯಾಂಕಿನ ಪಕ್ಕ ನಿಂತು ಎರಡು ಸಲ ಬಾಯಿ ತೆರೆದಿರಿ. ಕಂಪ್ರೆಸರ್ ಓಡುತ್ತಿತ್ತು. ನನಗೆ ಜನರ ತುಟಿ ಓದಿ ಅಭ್ಯಾಸ. ಆದರೆ ನಿಮ್ಮ ತುಟಿಯಿಂದ ಮಾತು ಹೊರಡಲೇ ಇಲ್ಲ. ನಾನು ಸರಪಳಿಯನ್ನು ನಿಮ್ಮ ಕೈಗೆ ಕೊಟ್ಟು, ಒಂದು ಡಬ್ಬ ಎತ್ತಿ ಎಂದೆ. ಎತ್ತಿದಿರಿ. ಬಿಡಿಸುವ ನೀರಿನ ತೊಟ್ಟಿಗೆ ಇಳಿಸಿದಿರಿ. ಅಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಬಿಡಬೇಕು. ಸಾದಾ ನೀರು ತಗಡನ್ನು ಬೆಚ್ಚಗೆ ಮಾಡಿದ ಮೇಲೆ ಐಸ್ ತಾನಾಗಿ ಡಬ್ಬವನ್ನು ಬಿಡುತ್ತದೆ. ನೀವು ಕಾಯಲಿಲ್ಲ. ಮೇಲೆತ್ತಿ ಬಡಿದಿರಿ. ಅಂಜಿನಪ್ಪ ಓಡಿ ಬಂದು, "ಅಳಿಯಂದ್ರೆ, ಬಡಿಬ್ಯಾಡ್ರಿ! ಅದು ತಾನಾಗೇ ಬಿಡ್ತೈತೆ!" ಎಂದು ಕೂಗಿದ. ಅವನ ಬಾಯಿ ಅಷ್ಟಗಲ ತೆರೆದದ್ದರಿಂದ ಅದು ನನಗೂ ತಿಳಿಯಿತು. ಆದರೆ ಐಸ್ ಒಡೆದು ಕಾಲ ಬಳಿ ಬಿದ್ದಿತ್ತು. ನೀವು ಅದನ್ನೇ ನೋಡುತ್ತಾ ನಿಂತಿರಿ.

ನುಜತ್ ಮದುವೆಯ ದಿನ ನನ್ನ ಕೈಯೂ ಹೀಗೇ ಡಬ್ಬ ಬಡಿಯಿತು. ವರ್ಷಗಟ್ಟಲೆ ಊರಿನ ಎಲ್ಲರ ಮದುವೆಗೆ ಐಸ್ ತೆಗೆದಿದ್ದೇನೆ, ಒಂದೂ ಒಡೆದಿಲ್ಲ. ನನ್ನ ಮಗಳ ಮದುವೆಗೆ ನಾನೇ ತೆಗೆಯುತ್ತೇನೆ ಎಂದು ಹಟ ಹಿಡಿದೆ. ಅಂಜಿನಪ್ಪ ಬೇಡವೆಂದ. ಕೇಳಲಿಲ್ಲ. ಮನೆಯ ಕೆಲಸ ಎಂದರೆ ಕೈಗೆ ಆತುರ ಬರುತ್ತದೆ, ಮಿಯಾ. ಕಲಿತದ್ದು ಮರೆತು ಹೋಗಿರುವುದಿಲ್ಲ. ಕೈ ಮಾತ್ರ ಕಾಯುವುದಿಲ್ಲ.

ನಮ್ಮ ಹುಡುಗಿ ಯಾರನ್ನೂ ಕೇಳದೆ ಮಾತು ಕೊಟ್ಟಳು. ನಾನು ಅದನ್ನು ಹಗ್ಗದಂತೆ ಹಿಡಿದೆ, ನಿಮ್ಮ ಕುತ್ತಿಗೆಗೆ ಬಿತ್ತು. ಬಿಟ್ಟಿದ್ದೇನೆ. ಮೆಷಿನ್ ಮುಂದೆ ನೀವು ಬೇಡ. ಚಹಾವನ್ನು ಒಂದು ಯುಗ ಕುಡಿಯುವ ಮೇಡಂ ಒಬ್ಬರು ಇದ್ದಾರೆ ಎಂದು ನುಜತ್ ಬರೆದಿದ್ದಳು. ಅವರು ಇರಲಿ. ನನಗೆ ಅವರ ಗುರುತಿಲ್ಲ. ನಿಮಗಿದೆ, ಅಷ್ಟು ಸಾಕು.

ಹೆದರಿಕೆ ಹೋಗಿಲ್ಲ. ಹೋಗಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಆದರೂ ಬರುತ್ತೇನೆ. ನನ್ನ ಹೃದಯ ನಿಂತಿರುವಷ್ಟು ಹೊತ್ತು ನೀವು ಹೊರಗೆ ನನ್ನ ಮಗಳ ಪಕ್ಕದಲ್ಲಿ ಕೂತಿರಿ. ಅದು ಏಳದಿದ್ದರೂ ನೀವು ಅವಳ ಪಕ್ಕದಲ್ಲೇ ಇರಬೇಕು, ಅದಕ್ಕೆ. ನನ್ನನ್ನು ನಿಲ್ಲಿಸಿದ ಕೈ ಎಂದು ಅವಳು ಜನ್ಮವಿಡೀ ನಿಮ್ಮ ಕೈಯನ್ನು ನೋಡುವುದು ಬೇಡ.

ಅವಳಿಗೆ ಇದನ್ನು ಮಂಗಳವಾರ ಬೆಳಿಗ್ಗೆ ತೋರಿಸಿ, ಮುಂಚೆ ಬೇಡ. ಮುಂಚೆ ತೋರಿಸಿದರೆ ಅತ್ತು ಆಸ್ಪತ್ರೆ ತುಂಬಿಸುತ್ತಾಳೆ.

ಮಸ್ತಾನಸಾಬ್


ಆಸ್ಪತ್ರೆ, ಆಪರೇಷನ್ ಥಿಯೇಟರಿನ ಹೊರಗೆ
25 ಫೆಬ್ರವರಿ 2025

ಅಬ್ಬಾ,

ನೀವು ಎದ್ದ ಮೇಲೆ ಓದಲೆಂದು ಬರೆಯುತ್ತಿದ್ದೇನೆ. ಏಳುತ್ತೀರಿ ಎಂದು ಮಾತು ಕೊಡುವುದಿಲ್ಲ. ಏನಾಗುತ್ತದೆ ಎಂದು ನನಗೆ ಗೊತ್ತಿಲ್ಲ. ಹೀಗೆ ಬರೆಯುವುದು ನನಗೆ ಅಭ್ಯಾಸವಿಲ್ಲ, ಕೈ ತಡೆಯುತ್ತಿದೆ.

ನಿಮ್ಮನ್ನು ಒಳಗೆ ಕರೆದೊಯ್ದ ಮೇಲೆ ನೌಮಾನ್ ಜೇಬಿನಿಂದ ನಿಮ್ಮ ಕಾಗದ ತೆಗೆದು ಕೊಟ್ಟರು. ಅತ್ತೆ, ಆದರೆ ಆಸ್ಪತ್ರೆ ತುಂಬಿಸಲಿಲ್ಲ. ನೀವು ಸ್ಟ್ರೆಚರಿನ ಮೇಲಿಂದ ಸುಮಾ ಮೇಡಂ ಅವರ ಕೈಯನ್ನು ಅಷ್ಟು ಹೊತ್ತು ಯಾಕೆ ನೋಡಿದಿರಿ ಎಂದು ಆಗ ತಿಳಿಯಿತು. "ಮೇಡಂ, ನೀವು ಚಾ ಆರಿಸಿ ಕುಡೀತೀರಂತೆ, ಹೌದಾ?" ಎಂದು ಕೂಗಿ ಕೇಳಿದಿರಿ. ಅವರು ತಲೆಯಾಡಿಸಿದರು. "ಹಂಗಾದ್ರೆ ಬರ್ರಿ" ಎಂದಿರಿ, ಆಪರೇಷನ್ನು ಅವರಿಗೇ ಎಂಬಂತೆ.

ಅಮ್ಮಿ ಎದುರಿನ ಬೆಂಚಿನಲ್ಲಿ ತಸ್ಬೀಯ ಮಣಿ ಎಣಿಸುತ್ತಿದ್ದಾರೆ. ನೌಮಾನ್ ನನ್ನ ಪಕ್ಕದಲ್ಲಿ. ಒಳಗೆ ಏನು ನಡೆಯುತ್ತಿದೆ ಎಂದು ಅವರು ಹೇಳುತ್ತಿಲ್ಲ, ನಾನು ಕೇಳುತ್ತಿಲ್ಲ. ಆದರೆ ಸ್ವಲ್ಪ ಹೊತ್ತಿನ ಹಿಂದೆ ಅವರು ಗೋಡೆಯ ಗಡಿಯಾರ ನೋಡಿ ನನ್ನ ಕೈ ಹಿಡಿದುಕೊಂಡರು, ಬಹಳ ಗಟ್ಟಿಯಾಗಿ. ಈಗ ನಿಂತಿದೆ ಎಂದು ನನಗೆ ಗೊತ್ತಾಯಿತು. ಆಗಿನಿಂದ ಆಗಾಗ ಅವರ ಹೆಬ್ಬೆರಳು ನನ್ನ ಅಂಗೈಯಲ್ಲಿ ಏನನ್ನೋ ತಿರುಗಿಸುತ್ತದೆ. ಅವರಿಗೇ ತಿಳಿಯದ ಹಾಗೆ. ತಿರುಗಿಸಿದಾಗಲೆಲ್ಲ, ಅಬ್ಬಾಗೆ ಇನ್ನೊಂದು ಸಲ ತಂಪು ಹೋಯಿತು ಎಂದುಕೊಳ್ಳುತ್ತೇನೆ.

ಇವರಿಗೆ ನಾನು ಎಷ್ಟೊಂದು ಹೇಳುತ್ತಿದ್ದೆ, ಮದುವೆಯಾದ ದಿನದಿಂದ! ಇವತ್ತು ಬೆಳಗಿನಿಂದ ಒಂದು ಮಾತೂ ಆಡಿಲ್ಲ. ಇವರನ್ನು ಇಷ್ಟು ಹತ್ತಿರದಿಂದ ಇದೇ ಮೊದಲು ನೋಡುತ್ತಿದ್ದೇನೆ ಅನ್ನಿಸುತ್ತಿದೆ. ನೋಡಿ, "ಇವರು" ಎಂದು ಬರೆದುಬಿಟ್ಟೆ, ನಗು ಬರಲಿಲ್ಲ.

ಬರೆಯುವುದನ್ನು ಇಲ್ಲಿಗೆ ನಿಲ್ಲಿಸಿದ್ದೆ. ಹೆಬ್ಬೆರಳು ಸುಮ್ಮನಾಗಿ ಬಹಳ ಹೊತ್ತಾಯಿತು. ಈಗ ಎಬ್ಬಿಸುವ ಹೊತ್ತು ಎಂದುಕೊಂಡೆ. ಬಾಗಿಲು ತೆರೆಯಲಿಲ್ಲ. ನೌಮಾನ್ ಎದ್ದು ನಿಂತರು, ಬಾಗಿಲ ತನಕ ಹೋದರು. ಅದನ್ನು ತೆರೆಯಲು ಅವರಿಗೆ ಯಾರ ಅಪ್ಪಣೆಯೂ ಬೇಕಿಲ್ಲ. ಹಿಡಿಯ ಮೇಲೆ ಕೈ ಇಟ್ಟರು. ಆಮೇಲೆ ಕೈ ತೆಗೆದು, ಹಿಂದೆ ಕಟ್ಟಿಕೊಂಡು, ಬಂದು ನನ್ನ ಪಕ್ಕದಲ್ಲಿ ಕೂತರು.

ಈಗ ಒಬ್ಬ ನರ್ಸ್ ಹೊರಗೆ ಬಂದರು. ಅಮ್ಮಿಯ ತಸ್ಬೀ ನಿಂತಿತು. ನರ್ಸ್ ನೌಮಾನರನ್ನು ನೋಡಿ ಹೇಳಿದ ಮಾತನ್ನು ಹಾಗೇ ಬರೆಯುತ್ತೇನೆ:

"ಸರ್, ಸುಮಾ ಮೇಡಂ ಹೇಳ್ಕಳ್ಸಿದಾರೆ. ಬಡಿಯೋಕೆ ಶುರು ಆಗೈತೆ, ಆದ್ರೆ ಇನ್ನೂ ಬಲ ಸಾಲ್ದು. ಮೆಷಿನ್ ಮೇಲೇ ಇಟ್ಕಂಡು ಕಾಯ್ತಿದೀವಿ, ಆತುರ ಮಾಡೋದು ಬ್ಯಾಡ ಅಂದ್ರು."

ನೌಮಾನ್ ಮುಖ ಮುಚ್ಚಿಕೊಂಡು ಬಗ್ಗಿದರು. ಅಳುತ್ತಿದ್ದಾರೋ ನಗುತ್ತಿದ್ದಾರೋ ತಿಳಿಯಲಿಲ್ಲ, ಬೆನ್ನು ಮಾತ್ರ ಅಲುಗುತ್ತಿತ್ತು. ಅಮ್ಮಿ ಎದ್ದು ಬಂದು, ಮದುವೆಯಾದ ಮೇಲೆ ಮೊದಲ ಸಲ, ಅವರ ತಲೆಯ ಮೇಲೆ ಕೈ ಇಟ್ಟರು.

ನಾವು ಮೂವರೂ ಕಾಯುತ್ತಿದ್ದೇವೆ. ಒಳಗೆ ಯಾರೂ ಡಬ್ಬ ಬಡಿಯುತ್ತಿಲ್ಲ, ಅಬ್ಬಾ.

ನುಜತ್